ಬೊಬ್ಬೆಹುಳದ ಬಯಲು

ಬೊಬ್ಬೆಹುಳವನ್ನು ಬರಿಗೈಯಿಂದ ಮುಟ್ಟಬಾರದು ಎಂದು ನನಗೆ ಹೇಳಿಕೊಟ್ಟವರು ಹಕೀಮ ಸಾಹೇಬರು. ನಮ್ಮವ್ವ ಮಾತ್ರ ಬರಿಗೈಯಿಂದಲೇ ಹಿಡಿಯುತ್ತಿದ್ದಳು. ಕಪ್ಪು ಮೈ, ಅದರ ಮೇಲೆ ಅಡ್ಡಕ್ಕೆ ಕಿತ್ತಳೆ ಬಣ್ಣದ ಪಟ್ಟಿ, ಉದ್ದದಲ್ಲಿ ಹುಣಸೆಬೀಜಕ್ಕಿಂತ ಸ್ವಲ್ಪ ಹೆಚ್ಚು. ಶ್ರಾವಣ ಕಳೆದು ಭಾದ್ರಪದ ಹಿಡಿಯುವ ಹೊತ್ತಿಗೆ ತಂಗಡಿ ಹೂವಿನ ಮೇಲೆ ನಾಲ್ಕೈದು ಒಟ್ಟಿಗೆ ಕೂತು ಹಳದಿ ಎಸಳು ತಿನ್ನುತ್ತಿದ್ದವು. ಕೈ ಹಾಕಿದರೆ ಹಾರಿಹೋಗುವ ಅವಸರ ಅವಕ್ಕೆ ಇರಲಿಲ್ಲ. ಕಾಲಿನ ಕೀಲುಗಳಿಂದ ಎಣ್ಣೆಯಂಥ ಒಂದು ಹನಿ ಬಿಡುತ್ತಿದ್ದವು, ಅಷ್ಟೆ. ಆ ಹನಿ ತಾಗಿದ ಕಡೆ ಮೊದಲು ಏನೂ ಆಗುವುದಿಲ್ಲ. ಅರ್ಧ ದಿನ ಕಳೆದ ಮೇಲೆ ಬೆಂಕಿ ತಾಗಿದ ಹಾಗೆ ನೀರುಗುಳ್ಳೆ ಏಳುತ್ತದೆ. ಹಕೀಮರು ಅವ್ವನಿಗೆ ಬಿದಿರಿನ ಚಿಮಟ ಮಾಡಿಸಿ ಕೊಟ್ಟಿದ್ದರು. ಚಿಮಟದಿಂದ ಹಿಡಿದರೆ ಹೊತ್ತಾಗುತ್ತದೆಂದು ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆರಳಿನಿಂದಲೇ ಕಿತ್ತು ಗಡಿಗೆಗೆ ಹಾಕುತ್ತಿದ್ದಳು. ಆ ಎರಡು ತಿಂಗಳು ಅವಳ ಬೆರಳ ತುದಿಯಲ್ಲಿ ಚರ್ಮವೇ ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟು ತಾಗಿ ಉರಿದರೆ ಹಲ್ಲು ಕಚ್ಚಿ ಸುಮ್ಮನಾಗುವಳು.

ನಾವಿದ್ದದ್ದು ಕಲಬುರ್ಗಿಯ ಅಂಚಿನಲ್ಲಿ, ಐವಾನ್-ಎ-ಶಾಹಿ ಬಂಗಲೆ ದಾಟಿದ ಮೇಲೆ ಬರುವ ಹತ್ತು ಹನ್ನೆರಡು ಗುಡಿಸಲುಗಳಲ್ಲಿ ಒಂದರಲ್ಲಿ. ಗುಡಿಸಲುಗಳ ಹಿಂದೆ ರೈಲಿನ ಹಳಿಯ ಕಡೆಗೆ ದೊಡ್ಡದೊಂದು ಬೀಳು ಬಯಲಿತ್ತು. ಅದು ಸರ್ಕಾರದ ಜಾಗ ಎನ್ನುತ್ತಿದ್ದರು. ಉಳುವವರು ಯಾರೂ ಇರಲಿಲ್ಲ. ಎಕ್ಕೆ, ತಂಗಡಿ, ಬಾರಿಗಿಡ, ಜಾಲಿ, ಮೊಣಕಾಲೆತ್ತರದ ಹುಲ್ಲು. ನಡುವೆ ಕುಸಿದು ಬಿದ್ದ ಒಂದು ಹಳೆಯ ಸುಣ್ಣದ ಭಟ್ಟಿ. ಅದರ ಬಾಯಿಗೆ ಮುಳ್ಳಿನ ಕಂಟಿ ಬೆಳೆದು, ಹತ್ತಿರ ಹೋಗಿ ಬಗ್ಗದ ಹೊರತು ಅಲ್ಲೊಂದು ಗುಂಡಿ ಇದೆ ಎಂದು ಗೊತ್ತಾಗುತ್ತಿರಲಿಲ್ಲ. ಬೇರೆಯವರಿಗೆ ಅದು ಹೊರಕಡೆಗೆ ಹೋಗುವ ಜಾಗ. ನಮಗೆ ಅದು ಹೊಲ.

ಅಪ್ಪ ಗಿರಣಿಯಲ್ಲಿ ಹತ್ತಿ ಬಿಡಿಸುವ ಕೆಲಸ ಮಾಡುತ್ತ ಎದೆಗೆ ಧೂಳು ಹೊಕ್ಕು, ಕೆಮ್ಮಿ ಕೆಮ್ಮಿ ಸತ್ತಿದ್ದ. ಅವನ ಕೊನೆಯ ದಿನಗಳಲ್ಲಿ ಹಕೀಮರು ನಮ್ಮ ಗುಡಿಸಲಿಗೆ ಬಂದು ನಾಡಿ ಹಿಡಿದು ನೋಡಿದರು, ಅವ್ವ ಕೊಟ್ಟ ನೀರು ಕುಡಿದರು. ನಮ್ಮ ಕೈಯ ನೀರು ಕುಡಿಯುವವರು ಆ ಕಾಲಕ್ಕೆ ಕೇರಿಯ ಹೊರಗೆ ಹೆಚ್ಚು ಮಂದಿ ಇರಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಹುಲ್ಲು ಕೊಯ್ದು, ಕಟ್ಟಿಗೆ ಆರಿಸಿ ಬದುಕು ಸಾಗಿಸುತ್ತಿದ್ದಾಗ ಹಕೀಮರೇ ಅವಳನ್ನು ಕರೆಸಿ, ಬಯಲಿನಿಂದ ಔಷಧಿಗೆ ಯಾವ ಯಾವ ಹುಳ ಬೇಕು, ಯಾವ ಮಳೆಯಲ್ಲಿ ಬೇಕು ಎಂದು ಹೇಳಿದರು. ಬದಲಿಗೆ ನಮ್ಮಿಬ್ಬರ ಹೊಟ್ಟೆಗೆ ಆಗುವಷ್ಟು ಜೋಳ ಅವರ ಮನೆಯಿಂದ ಬರುತ್ತಿತ್ತು.

ಹಕೀಮರಿಗೆ ಆಗಲೇ ಎಪ್ಪತ್ತರ ಹತ್ತಿರ. ಹೆಂಡತಿ ತೀರಿಹೋಗಿದ್ದರು. ಒಬ್ಬನೇ ಮಗ ಹೈದರಾಬಾದಿನಲ್ಲಿ ಒಂದು ಕಚೇರಿಯಲ್ಲಿದ್ದ. ನಮ್ಮ ಗುಡಿಸಲುಗಳಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಅವರ ಮನೆ. ಮುಂದಿನ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಜಾಡಿಗಳು. ಮೃಗಶಿರ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಬಯಲಿನ ಕರಿಮಣ್ಣಿನ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂತೆ ಹರಿದಾಡುವ ಮಿರಗದ ಹುಳ ಒಂದು ಜಾಡಿಯಲ್ಲಿ. ಅದನ್ನು ಅವರು ಬೀರ್‌ಬಹೂಟಿ ಎನ್ನುತ್ತಿದ್ದರು. ಅದರ ಎಣ್ಣೆ ಬಿದ್ದುಹೋದ ಕೈಕಾಲಿಗೆ ಜೀವ ತರುತ್ತದೆಂದು ನಂಬಿಕೆ. ಒಣಗಿಸಿದ ಬೊಬ್ಬೆಹುಳ ಇನ್ನೊಂದರಲ್ಲಿ. ಆ ಜಾಡಿಯ ಬಾಯಿಗೆ ಮಾತ್ರ ಮೇಣ ಹಚ್ಚಿ ಮೇಲಿನ ಗೂಡಿನಲ್ಲಿ ಇಡುತ್ತಿದ್ದರು.

ಕೆಲವು ದಿನ ಅವರೇ ಬಯಲಿಗೆ ಬರುತ್ತಿದ್ದರು. ಅವರ ಜೇಬಿನಲ್ಲಿ ಹಿತ್ತಾಳೆ ಕಟ್ಟಿನ ಒಂದು ಭೂತಗನ್ನಡಿ. ಔಷಧಿಗೆ ಬಾರದ ಹುಳವನ್ನೂ ಅವರು ಕೂತು ನೋಡುವರು. ಎಕ್ಕೆಗಿಡದ ಮೇಲಿನ ಹಳದಿ-ನೀಲಿ ಮಿಡತೆಯನ್ನು ನನಗೆ ತೋರಿಸಿದವರು ಅವರೇ. ಅದನ್ನು ಹಿಡಿದರೆ ಬೆನ್ನಿನಿಂದ ಹಾಲಿನಂಥ ರಸವನ್ನು ಪಿಚಕಾರಿಯಂತೆ ಹಾರಿಸುತ್ತದೆ.

“ಎಕ್ಕಿ ಹಾಲು ವಿಷ ಅದ. ಅದಕ್ಕ ಅದೇ ಊಟ,” ಎಂದರು ಒಮ್ಮೆ. “ಬಕರಿ ತಿನ್ನಂಗಿಲ್ಲ, ದನ ತಿನ್ನಂಗಿಲ್ಲ. ಇದು ತಿಂದು ಇಟಗೊಂತದ. ಯಾವರೆ ಹಕ್ಕಿ ಬಂದ್ರ ಅವಕ್ಕ ಅದೇ ವಿಷ ಕೊಡತದ. ಸಮಝೀ ಬೇಟಿ?”

ನಾನು ತಲೆ ಆಡಿಸುತ್ತಿದ್ದೆ. ನನಗಾಗ ಹನ್ನೊಂದು ವರ್ಷ. ನನಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಗಣಿ ಹುಳ ಉಂಡೆಯನ್ನು ಯಾವ ಕಾಲಿನಿಂದ ನೂಕುತ್ತದೆ, ಸೂರ್ಯನ ಕುದುರೆ ತನ್ನ ಗಂಡನ್ನು ಎಲ್ಲಿಂದ ತಿನ್ನಲು ಸುರುಮಾಡುತ್ತದೆ ಎನ್ನುವುದು ಗೊತ್ತಿತ್ತು.

ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ಹಿಂದಿನ ಬೇಸಿಗೆಯಿಂದಲೇ ಊರು ಕೆಟ್ಟಿತ್ತು. ಖಾಕಿ ತೊಟ್ಟ, ಸರ್ಕಾರದ ಪೊಲೀಸರೂ ಅಲ್ಲದ, ಫೌಜಿನವರೂ ಅಲ್ಲದ ದಂಡು ಹಳ್ಳಿಗಳಿಗೆ ನುಗ್ಗುತ್ತಿತ್ತು. ನಮ್ಮ ಬಯಲಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಅವರ ಕವಾಯತು ನಡೆಯುತ್ತಿತ್ತು. ಬೂಟು ತುಳಿದ ಕಡೆ ಇರುವೆಗೂಡುಗಳು ಒಡೆದು ಬಿಳಿಯ ಮೊಟ್ಟೆಗಳು ಮಣ್ಣಿನ ಮೇಲೆ ಬಿದ್ದಿರುತ್ತಿದ್ದವು. ಅವರು ಇರುವಷ್ಟು ಹೊತ್ತು ಅವ್ವ ನನ್ನನ್ನು ಗುಡಿಸಲಿನಿಂದ ಹೊರಗೆ ಬಿಡುತ್ತಿರಲಿಲ್ಲ.

ಮಿರಗದ ಮಳೆ ಇನ್ನೂ ಸರಿಯಾಗಿ ಹಿಡಿಯದ ಒಂದು ಮಧ್ಯಾಹ್ನ ಕಮಲಾಪುರದಿಂದ ನಮ್ಮ ಮಾಮ ಬಂದ. ಬಂದ ಎನ್ನುವುದಕ್ಕಿಂತ ಹೊತ್ತು ತಂದರು. ಮಾಮ ಅವ್ವನ ತಮ್ಮ. ಅವರ ತಾಯಿ ಬೇಗ ಸತ್ತದ್ದರಿಂದ ಅವ್ವನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಖಾಕಿಯವರು ಕಮಲಾಪುರದ ಹತ್ತಿರ ಅವನಿದ್ದ ಕೇರಿಗೆ ಬೆಂಕಿ ಹಚ್ಚಿದ್ದರು. ಅವನ ಹೆಂಡತಿ, ನಮ್ಮ ಅತ್ತೆ, ಒಳಗೇ ಉಳಿದಳು. ಅವಳನ್ನು ಎಳೆಯಲು ಹೋದ ಮಾಮನ ತೊಡೆಗೆ ಛರ್ರೆಯ ಗುಂಡು ತಾಗಿತ್ತು. ಮೂರು ದಿನ ಜೋಳದ ಕಣಿಕೆಯ ಬಣವೆಯಲ್ಲಿ ಬಿದ್ದಿದ್ದು, ಆಮೇಲೆ ಯಾರದೋ ಗಾಡಿಯಲ್ಲಿ ಹುಲ್ಲಿನ ಕೆಳಗೆ ಮಲಗಿ ಬಂದಿದ್ದ. ಗಾಯದಲ್ಲಿ ಹುಳ ಬಿದ್ದಿದ್ದವು.

ಅವ್ವ ಹಕೀಮರ ಮನೆಗೆ ಓಡಿದಳು. ನಾನೂ ಹಿಂದೆ ಹೋದೆ. ಅವರ ಪಡಸಾಲೆಯಲ್ಲಿ ಆ ಹೊತ್ತಿಗೆ ಇಬ್ಬರು ಖಾಕಿಯವರು ಹೊಟ್ಟೆನೋವಿನ ಔಷಧಿಗೆ ಕೂತಿದ್ದರು. ಅವ್ವ ಬಾಗಿಲಲ್ಲಿ ನಿಂತು, “ಹುಳ ತಂದೀನ್ರಿ ಸಾಹೇಬ್ರ,” ಎಂದಳು. ಅವಳ ಕೈಯಲ್ಲಿ ಗಡಿಗೆಯೇ ಇರಲಿಲ್ಲ. ಹಕೀಮರು ಅವಳ ಖಾಲಿ ಕೈ ನೋಡಿದರು.

“ಪರಸಿ ಕಲ್ಲ ಮ್ಯಾಲ ಇಡು. ಬರ್ತೀನಿ,” ಎಂದರು.

ಖಾಕಿಯವರನ್ನು ಕಳಿಸಿ ಅವರು ಹಿಂದಿನ ದಾರಿಯಿಂದ ನಮ್ಮ ಗುಡಿಸಲಿಗೆ ಬಂದರು. ಗಾಯ ತೊಳೆದು, ಚಿಮಟದಿಂದ ಒಂದೊಂದೇ ಹುಳ ತೆಗೆದು ಬೂದಿಯಲ್ಲಿ ಹಾಕಿದರು. ಮಾಮ ಬಾಯಲ್ಲಿ ರುಮಾಲು ತುರುಕಿಕೊಂಡಿದ್ದ. “ಈ ಹುಳ ನಿನಗ ಉಳಿಸ್ಯಾವ ನೋಡಪ್ಪ,” ಎಂದರು ಹಕೀಮರು. “ಕೊಳತದ್ದಷ್ಟೇ ತಿಂದಾವ. ಇವು ಇಲ್ಲಂದ್ರ ಕಾಲೇ ಹೋಗತಿತ್ತು.” ಒಂದು ತಿಂಗಳು ಅವರು ದಿನಾ ಬಂದರು. ಗಾಯ ಮಾಯ್ದ ಮೇಲೆ, ಸೆಟೆದುಕೊಂಡ ಕಾಲಿಗೆ ಬೀರ್‌ಬಹೂಟಿ ಎಣ್ಣೆ ಹಚ್ಚಿ ತಾವೇ ತಿಕ್ಕಿದರು. ಮಾಮನನ್ನು ಅಡಗಿಸಿದ್ದು ಗೊತ್ತಾದರೆ ಅವರ ಮನೆಯನ್ನೂ ಖಾಕಿಯವರು ಬಿಡುತ್ತಿರಲಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿತ್ತು. ಊರಿಗೆ ಮರಳಿ ಹೋಗುವ ದಿನ ಮಾಮ ಕುಂಟುತ್ತ ಅವರ ಪಡಸಾಲೆಗೆ ಹೋಗಿ ಪಾದ ಮುಟ್ಟಿದ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ಸಲ.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು. ಮೂರು ನಾಲ್ಕು ದಿನದಲ್ಲಿ ಎಲ್ಲ ಮುಗಿಯಿತು. ಖಾಕಿಯವರು ಬಟ್ಟೆ ಬಿಚ್ಚಿ ಬಾವಿಗಳಿಗೆ ಎಸೆದು ಓಡಿಹೋದರು. ಸಿಹಿ ಹಂಚಿದವರಿದ್ದರು. ಅವ್ವ ಕೂಡ ಗುಡಿಸಲ ಮುಂದೆ ನೀರು ಚೆಲ್ಲಿ ಸಾರಿಸಿ, ಸತ್ತ ನಾದಿನಿಯ ಹೆಸರು ಹೇಳಿ ಒಂದು ದೀಪ ಹಚ್ಚಿಟ್ಟಳು.

ಅದಾದ ಮೇಲೆ ಬೇರೆಯದು ಸುರುವಾಯಿತು. ಮಾಡಿದವರು ಓಡಿಹೋಗಿದ್ದರು. ಅವರದೇ ಧರ್ಮದ ಉಳಿದವರು ಸಿಕ್ಕರು. ಸುತ್ತಲಿನ ಊರುಗಳಿಂದ ಕೊಡಲಿ, ಕುಡಗೋಲು, ಬಡಿಗೆ ಹಿಡಿದ ಗುಂಪುಗಳು ಬರತೊಡಗಿದವು. ಹಕೀಮರ ಓಣಿಯಲ್ಲಿ ಬೆಳಿಗ್ಗೆಯೇ ಹೊಗೆ ಎದ್ದಿತು. ಅವ್ವ ಹಿಂದಿನ ದಾರಿಯಿಂದ ಹೋಗಿ, ತನ್ನದೊಂದು ಹಳೆಯ ಸೀರೆಯನ್ನು ಅವರಿಗೆ ತಲೆತುಂಬ ಹೊದಿಸಿ, ತಲೆಯ ಮೇಲೆ ಹುಲ್ಲಿನ ಹೊರೆ ಹೊರಿಸಿ, ಹಾಡಹಗಲೇ ಬಯಲಿಗೆ ಕರೆದುಕೊಂಡು ಬಂದಳು. ಸುಣ್ಣದ ಭಟ್ಟಿಯೊಳಗೆ ಅವರನ್ನು ಇಳಿಸಿ ಬಾಯಿಗೆ ಬಾರಿಮುಳ್ಳು ಎಳೆದಳು. ಮಧ್ಯಾಹ್ನದ ಹೊತ್ತಿಗೆ ಅವರ ಮನೆಯ ಮಾಡು ಕುಸಿಯಿತು. ಜಾಡಿಗಳು ಒಡೆಯುವ ಸದ್ದು ನಮ್ಮ ಗುಡಿಸಲಿನ ತನಕ ಕೇಳಿಸಿತು.

ಐದು ದಿನ ಅವರು ಆ ಗುಂಡಿಯಲ್ಲಿದ್ದರು. ನಾನೂ ಅವ್ವನೂ ದಿನಾ ಗಡಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದೆವು. ಅದು ಬೊಬ್ಬೆಹುಳದ ಕಾಲ. ನಾವು ಹುಳ ಆರಿಸುವುದು ಎಲ್ಲರಿಗೂ ಗೊತ್ತಿದ್ದ ಕೆಲಸವಾದ್ದರಿಂದ ಯಾರೂ ಕೇಳಲಿಲ್ಲ. ಗಡಿಗೆಯ ತಳದಲ್ಲಿ ರೊಟ್ಟಿ ಇಟ್ಟು, ಮೇಲೆ ಎಲೆ ಮುಚ್ಚಿ, ಎಲೆಯ ಮೇಲೆ ನಾಲ್ಕು ಹುಳ ಬಿಟ್ಟಿರುತ್ತಿದ್ದಳು ಅವ್ವ. ಹುಳ ಕಂಡರೆ ಯಾರೂ ಗಡಿಗೆಯಲ್ಲಿ ಕೈ ಹಾಕುವುದಿಲ್ಲ ಎಂಬುದು ಅವಳ ಲೆಕ್ಕ.

ಹಕೀಮರು ಆ ಗುಂಡಿಯಲ್ಲಿ ಬಹಳ ಬೇಗ ಕರಗಿದರು. ಎರಡನೆಯ ದಿನ ಮಳೆ ಬಂದು ಒಳಗೆ ಕೆಸರಾಯಿತು. ಗೊದ್ದದ ಇರುವೆಗಳು ಅವರ ಪಾದ ಕಚ್ಚಿ ಊದಿಸಿದ್ದವು. ಕೊರಳಿನ ಮಡಿಕೆಯಲ್ಲಿ ಉಣ್ಣೆಗಳು ಕಚ್ಚಿ ಕೂತಿದ್ದವು. ಅವ್ವ ಒಂದೊಂದನ್ನೇ ಕಿತ್ತಳು. ಬಟ್ಟೆಯಲ್ಲೇ ಆಗಿಹೋಗಿತ್ತು. ಅದರ ನಾಚಿಕೆಗೆ ಅವರು ಮುಖ ತಿರುಗಿಸಿ ಕೂತುಬಿಟ್ಟಿದ್ದರು. ಒಂದು ದಿನ ರೊಟ್ಟಿ ತಡವಾಯಿತೆಂದು ಅವ್ವನ ಮೇಲೆ ಸಿಟ್ಟಿಗೆದ್ದು, ಆಮೇಲೆ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತರು. ನಾನು ಹೆದರಿದೆ. ಅಷ್ಟು ವಯಸ್ಸಾದವರು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

ಮೂರನೆಯ ದಿನವಿರಬೇಕು, ಭಟ್ಟಿಯ ಗೋಡೆಯ ಮೇಲೆ ಇರುವೆಗಳ ಸಾಲೊಂದು ಸತ್ತ ಕಡಜವನ್ನು ಎಳೆದೊಯ್ಯುತ್ತಿತ್ತು. ಅವರು ಅಭ್ಯಾಸಕ್ಕೆ ಜೇಬಿಗೆ ಕೈ ಹಾಕಿ ಭೂತಗನ್ನಡಿ ತೆಗೆದರು. ಅದರಲ್ಲಿ ನೋಡಲಿಲ್ಲ. ನನ್ನ ಕೈಗೆ ಕೊಟ್ಟರು. “ನೀ ನೋಡು. ನನ್ನ ಕಣ್ಣಿಗಿ ಕಾಣವಲ್ದು,” ಎಂದರು. ನಾನು ನೋಡಿದೆ. ಏನು ಕಂಡಿತು ಎಂದು ಅವರು ಕೇಳಲಿಲ್ಲ.

ಅವ್ವನಿಗೆ ಹೆಚ್ಚು ದಿನ ಹೀಗೆ ನಡೆಯುವುದಿಲ್ಲ ಎಂದು ಗೊತ್ತಾಯಿತು. ಅವರ ಮೈ ಕಾವೇರಿತ್ತು.

“ಬಾಯಿ, ನಿನ್ನ ತಮ್ಮ ಅದಾನಲ್ಲ ಕಮಲಾಪುರದಾಗ,” ಎಂದರು ಹಕೀಮರು. “ಅವನ ಹಂತ್ಯಾಕ ನನಗ ಮುಟ್ಟಸು. ಅಲ್ಲಿಂದ ಬೀದರ್ ಹಾದಿ ಹಿಡದು ನಾ ಹೈದರಾಬಾದಕ್ಕ ಹೋಗ್ತೀನಿ. ಅವ ಇಲ್ಲನ್ನಂಗಿಲ್ಲ.”

“ಇಲ್ಲ ಯಾಕನ್ನತಾನ್ರಿ. ನೀವು ಕೊಟ್ಟ ಕಾಲಿನ್ಯಾಗ ನಡ್ಯಾಕತ್ತಾನ,” ಎಂದಳು ಅವ್ವ.

ಕಮಲಾಪುರದ ದಾರಿಯ ಮಹಾಗಾಂವದ ಕಡೆ ಹೋಗುವ ಒಬ್ಬ ಗಾಡಿಯವನ ಕೈಯಲ್ಲಿ ಅವಳು ತಮ್ಮನಿಗೆ ಮಾತು ಹೇಳಿ ಕಳಿಸಿದಳು. ಅಕ್ಕನಿಗೆ ಮೈಯಲ್ಲಿ ಆರಾಮಿಲ್ಲ, ಒಂದು ಗಾಡಿಯಲ್ಲಿ ಕಣಿಕೆ ಹೇರಿಕೊಂಡು ಬಾ, ನಮ್ಮನ್ನು ಊರಿಗೆ ಕರೆದುಕೊಂಡು ಹೋಗು ಎಂದು. ಹಕೀಮರ ಮಾತು ಅದರಲ್ಲಿ ಎತ್ತಿರಲಿಲ್ಲ. ನನಗೆ ಮಾತ್ರ ಹೇಳಿದಳು. “ನಾಳಿಗಿಲ್ಲ ನಾಡದ ಮಾಮ ಬರತಾನ. ಕಣಿಕಿ ಬುಡಕ ಸಾಹೇಬ್ರಿಗಿ ಮಲಗಿಸಿ ಒಯ್ಯತಾನ. ಯಾರ ಮುಂದರೆ ಬಾಯಿ ಬಿಟ್ಟಿ, ನೋಡು.” ನಾನು ಬಿಡುವುದಿಲ್ಲ ಎಂದೆ.

ಐದನೆಯ ದಿನ ಮಧ್ಯಾಹ್ನಕ್ಕೆ ಮುಂಚೆ ಮಾಮ ಬಂದ. ಅವ್ವ ನೀರಿಗೆ ಹೋಗಿದ್ದಳು. ನಾನೊಬ್ಬಳೇ ಬಯಲಿನ ಅಂಚಿನಲ್ಲಿ ತಂಗಡಿಗಿಡದ ಹತ್ತಿರ ಗಡಿಗೆ ಹಿಡಿದು ನಿಂತಿದ್ದೆ. ಅವನ ಜೊತೆ ನಾಲ್ಕು ಜನರಿದ್ದರು. ಅವರಲ್ಲಿ ಯಾರನ್ನೂ ನಾನು ಮೊದಲು ನೋಡಿರಲಿಲ್ಲ. ಅವರು ದಾರಿಯಲ್ಲೇ ನಿಂತರು. ಮಾಮ ಮಾತ್ರ ಸ್ವಲ್ಪ ಕುಂಟುತ್ತ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈ ಇಟ್ಟ.

“ಅವ್ವಗ ಏನಾಗ್ಯಾದ?” ಎಂದ.

“ಏನಾಗಿಲ್ಲ,” ಎಂದೆ.

ಅವನು ನನ್ನ ಗಡಿಗೆಯಲ್ಲಿ ಇಣುಕಿದ. “ಹಕೀಮನ ಮನಿ ಸುಟ್ಟು ಬೂದಿ ಆಗ್ಯಾದ. ಹುಳ ಯಾರಿಗಿ ಆರಸಲಾಕತ್ತಿ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ನಮ್ಮ ಮಾಮ. ಗಾಡಿ ತರುತ್ತಾನೆ, ಸಾಹೇಬರನ್ನು ಒಯ್ಯುತ್ತಾನೆ ಎಂದು ಅವ್ವ ಹೇಳಿದ್ದಳು. ಯಾರ ಮುಂದೂ ಬಾಯಿ ಬಿಡಬಾರದೆಂದರೆ ಬೇರೆಯವರ ಮುಂದೆ ಎಂದು ನಾನು ತಿಳಿದಿದ್ದೆ.

“ಭಟ್ಟ್ಯಾಗ ಅದಾರ,” ಎಂದೆ. “ಗಾಡಿ ಎಲ್ಲ್ಯದ ಮಾಮಾ?”

ನನ್ನ ಕೈಯ ಮೇಲೆ ಒಂದು ಬೊಬ್ಬೆಹುಳ ಹತ್ತುತ್ತಿತ್ತು. ಅವನು ಬಗ್ಗಿ ಅದನ್ನು ಉಗುರಿನಿಂದ ಚಿಮ್ಮಿದ. “ಗಾಡಿ ಹಿಂದ ಬರ್ಲಾಕತ್ತದ. ನೀ ಮನಿಗಿ ನಡಿ,” ಎಂದ. ನಾನು ನಡೆದೆ. ಗುಡಿಸಲ ಹತ್ತಿರ ಬಂದು ತಿರುಗಿ ನೋಡಿದಾಗ ಅವನು ದಾರಿಯಲ್ಲಿದ್ದವರ ಜೊತೆ ಮಾತಾಡುತ್ತ, ಭಟ್ಟಿಯ ಕಡೆ ಕೈ ಮಾಡಿ ತೋರಿಸುತ್ತಿದ್ದ. ಗಾಡಿ ಹೊಡೆದುಕೊಂಡು ಎಲ್ಲಿಗೆ ಬರಬೇಕೆಂದು ಹೇಳುತ್ತಿದ್ದಾನೆ ಅಂದುಕೊಂಡೆ. ಆ ನಾಲ್ವರು ಹುಲ್ಲಿನೊಳಗೆ ಇಳಿದರು. ಮಾಮ ದಾರಿಯಲ್ಲೇ ಕುಕ್ಕರುಗಾಲಿನಲ್ಲಿ ಕೂತ.

ಅವ್ವ ನೀರು ಹೊತ್ತು ಬರುವಷ್ಟರಲ್ಲಿ ಮುಗಿದಿತ್ತು. ಹೆಚ್ಚು ಸದ್ದೇನೂ ಆಗಲಿಲ್ಲ. ಅವಳು ನನ್ನ ಮುಖ ನೋಡಿ ಕೊಡ ಕೆಳಗಿಟ್ಟಳು.

“ಮಾಮ ಬಂದಾನ,” ಎಂದೆ.

“ಎಲ್ಲಿ?”

ನಾನು ಬಯಲಿನ ಕಡೆ ತೋರಿಸಿದೆ. ಅವಳು ಓಡಿದಳು. ಮಾಮ ಎದುರಿಗೆ ಬರುತ್ತಿದ್ದ. ಉಳಿದವರು ಅವನ ಹಿಂದೆ ದೂರದಲ್ಲಿ ಹುಲ್ಲಿಗೆ ಏನೋ ಒರೆಸುತ್ತಿದ್ದರು. ಅವ್ವ ಅವರನ್ನು ನೋಡಿದಳು, ತಮ್ಮನನ್ನು ನೋಡಿದಳು.

“ನಾ ಕೈ ಮಾಡಿಲ್ಲ ಅಕ್ಕಾ,” ಎಂದ ಮಾಮ. “ನನ್ನ ಹೇಣ್ತಿ ಸುಟ್ಟು ಸತ್ತಾಳ. ಇವರ ಮನ್ಯಾಗಿನವರೂ ಸತ್ತಾರ. ನಾ ಏನಂತ ಹೇಳಲಿ ಇವರಿಗಿ?”

“ನಿನ್ನ ಹೇಣ್ತಿಗಿ ಅವರು ಸುಟ್ಟಾರೇನು?”

ಮಾಮ ಗಾಯವಾಗಿದ್ದ ತೊಡೆಯನ್ನು ಕೈಯಿಂದ ತಿಕ್ಕಿಕೊಂಡ.

“ನೀ ನನಗ ಸತ್ತಿ,” ಎಂದಳು ಅವ್ವ. ಕೂಗಲಿಲ್ಲ. ಅವನನ್ನು ಬಳಸಿಕೊಂಡು ಮುಂದೆ ಹೋದಳು. ಅಂದಿನಿಂದ ಅವನು ಸಾಯುವ ತನಕ ಅವಳು ತಮ್ಮನ ಜೊತೆ ಒಂದು ಮಾತೂ ಆಡಲಿಲ್ಲ.

ಅವತ್ತು ಆ ಕಡೆ ಹೋಗುವ ಹಾಗಿರಲಿಲ್ಲ. ಗುಂಪುಗಳು ತಿರುಗಾಡುತ್ತಲೇ ಇದ್ದವು. ಮಾರನೆಯ ಬೆಳಿಗ್ಗೆ ಅವ್ವ ಕುರ್ಪಿ ತೆಗೆದುಕೊಂಡು ಹೊರಟಳು. ನನ್ನನ್ನು ಬರಬೇಡ ಎಂದಳು. ನಾನು ಹಿಂದೆ ಹೋದೆ.

ಹಕೀಮರು ಭಟ್ಟಿಯಿಂದ ಹೊರಗೆ ಹತ್ತು ಹೆಜ್ಜೆ ದೂರದಲ್ಲಿ ಬಿದ್ದಿದ್ದರು. ಹಸಿರು ನೊಣಗಳು ನಮಗಿಂತ ಮೊದಲು ಬಂದಿದ್ದವು. ಕಣ್ಣಿನ ಕೊನೆಯಲ್ಲಿ, ಬಾಯಿಯ ಅಂಚಿನಲ್ಲಿ ಅಕ್ಕಿಯ ನುಚ್ಚಿನಂತೆ ಮೊಟ್ಟೆ ಇಟ್ಟಿದ್ದವು. ಗೊದ್ದಗಳ ಸಾಲು ಕಿವಿಯ ಹತ್ತಿರ ಹತ್ತಿ ಇಳಿಯುತ್ತಿತ್ತು. ಮೈಯ ಕೆಳಗೆ ಮಣ್ಣು ಅಲುಗುತ್ತಿದ್ದದ್ದನ್ನು ನಾನು ನೋಡಿದೆ. ಒಂದು ಕಪ್ಪು ಹುಳ ಬೆನ್ನಿನಿಂದ ಮಣ್ಣು ಎತ್ತಿ ಒಳಗೆ ಹೋಗುತ್ತಿತ್ತು. ಇಂಥದ್ದನ್ನು ಸತ್ತ ಇಲಿಯ ಕೆಳಗೆ ಅವರೇ ನನಗೆ ತೋರಿಸಿದ್ದರು. ಯಾವುದು ಮೊದಲು ಬರುತ್ತದೆ, ಯಾವುದು ಆಮೇಲೆ ಬರುತ್ತದೆ ಎಂದು ಹೇಳಿಕೊಟ್ಟಿದ್ದರು. ಆದ್ದರಿಂದ ನನಗೆ ಎಲ್ಲವೂ ತಿಳಿಯುತ್ತಿತ್ತು. ತಿಳಿಯದೆ ಇದ್ದಿದ್ದರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆನೋ ಏನೋ.

ಅವ್ವ ಸೆರಗಿನಿಂದ ನೊಣ ಓಡಿಸಿದಳು. ಅವು ಎದ್ದು ಮತ್ತೆ ಕೂತವು. ಆಮೇಲೆ ಓಡಿಸುವುದನ್ನು ಬಿಟ್ಟು ಅಗೆಯತೊಡಗಿದಳು. ಮಳೆಗೆ ನೆನೆದ ಕರಿಮಣ್ಣು ಕುರ್ಪಿಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಪ್ರತಿ ಸಲ ಬೆರಳಿನಿಂದ ಕೆರೆದು ತೆಗೆಯಬೇಕು. ಅವಳ ಬೆರಳಿನ ಗುಳ್ಳೆಗಳು ಒಡೆದು ಮಣ್ಣಿನಲ್ಲಿ ಕಲಸಿಹೋದವು. ನಾನು ಒಂದು ಕಲ್ಲಿನ ಚೂರು ಹಿಡಿದು ಇನ್ನೊಂದು ಕಡೆಯಿಂದ ಕೆದರಿದೆ. ಅವ್ವ ಬೇಡ ಎನ್ನಲಿಲ್ಲ. ಸೊಂಟದ ಆಳ ಹೋಗುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ.

ನಮ್ಮವರಲ್ಲೂ ಹೂಳುವುದೇ. ಆದರೆ ಅವರವರಲ್ಲಿ ಹೇಗೆ ಮಲಗಿಸುತ್ತಾರೆ ಎಂದು ಅವ್ವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಕೀಮರ ಹೆಂಡತಿ ಸತ್ತಾಗ ದೂರದಿಂದ ನೋಡಿದ್ದನ್ನು ನೆನಪು ಮಾಡಿಕೊಂಡು, ಬಲ ಮಗ್ಗುಲಿಗೆ ಹೊರಳಿಸಿ, ಮುಖವನ್ನು ಹೊತ್ತು ಮುಳುಗುವ ಕಡೆ ತಿರುಗಿಸಿದಳು. ಅವರನ್ನು ಕರೆತರುವಾಗ ಹೊದಿಸಿದ್ದ ಅದೇ ಸೀರೆ ಸುತ್ತಿದಳು. ಮಣ್ಣು ಮುಚ್ಚಿ, ನಾಯಿ ನರಿ ಕೆದರದಿರಲೆಂದು ಬಾರಿಮುಳ್ಳು ಎಳೆದು ಕಲ್ಲು ಇಟ್ಟಳು. ಮುಗಿದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

“ನೀ ಹೇಳಿದೇನು?”

ನಾನು ಹೌದೆಂದೆ.

ಅವಳು ಹೊಡೆಯುತ್ತಾಳೆ ಎಂದು ಕಾದೆ. ಹೊಡೆಯಲಿಲ್ಲ. “ಅವಗ ಕರಸಿದಾಕಿ ನಾ,” ಎಂದಳು. ಇಬ್ಬರೂ ಮನೆಗೆ ಬಂದೆವು.

ಐದಾರು ತಿಂಗಳಾದ ಮೇಲೆ ಹಕೀಮರ ಮಗ ಬಂದ. ಗಡ್ಡ ಬೋಳಿಸಿದ್ದ. ತಲೆಗೆ ಟೊಪ್ಪಿಗೆ ಇರಲಿಲ್ಲ. ಯಾರಾದರೂ ಗುರುತಿಸುತ್ತಾರೇನೋ ಎಂದು ಮಾತಿಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದ. ಸುಟ್ಟ ಮನೆಯ ಮುಂದೆ ನಿಂತಿದ್ದವನನ್ನು ಅವ್ವನೇ ಗುರುತು ಹಿಡಿದು ಬಯಲಿಗೆ ಕರೆದುಕೊಂಡು ಹೋದಳು. ಮುಳ್ಳು ಒಣಗಿ ಬಿಳಿಚಿತ್ತು. ಸುತ್ತಲೂ ಒರಲೆ ಹುತ್ತ ಕಟ್ಟಿತ್ತು. ಅವನು ಕೈಯಿಂದ ಹುತ್ತ ಒಡೆಯಲು ಹೋದ. ಆಮೇಲೆ ಏನೆನ್ನಿಸಿತೋ, ಬಿಟ್ಟ.

“ಮಕ ಯಾ ಕಡಿಗಿ ಮಾಡೀರಿ?” ಎಂದು ಕೇಳಿದ.

ಅವ್ವ ತೋರಿಸಿದಳು. ಅವನು ಸೂರ್ಯನನ್ನು ನೋಡಿ ದಿಕ್ಕು ಅಂದಾಜು ಮಾಡಿದ. ಅಲ್ಲೇ ಕುಸಿದು ಕೂತು, ಮುಖಕ್ಕೆ ಎರಡೂ ಅಂಗೈ ಮುಚ್ಚಿಕೊಂಡು ಅತ್ತ. “ಬರೋಬ್ಬರಿ ಅದ ಅಮ್ಮಾ,” ಎಂದ. “ಬರೋಬ್ಬರಿ ಮಾಡೀರಿ.”

ಎದ್ದ ಮೇಲೆ ಕೇಳಿದ. “ಇಲ್ಲಿ ಅಡಗ್ಯಾರಂತ ಅವರಿಗಿ ಯಾರು ಹೇಳಿದರು?”

ನಾನು ಅವ್ವನ ಪಕ್ಕದಲ್ಲೇ ಇದ್ದೆ. ಬಾಯಿ ತೆರೆದೆ. ಅವ್ವ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನಾಲ್ಕು ಬೆರಳಿನ ಗುರುತು ಆಮೇಲೆ ಎರಡು ದಿನ ಇತ್ತು.

“ಗೊತ್ತಿಲ್ಲಪ್ಪ,” ಎಂದಳು. “ಆ ದಿನದಾಗ ಯಾರು ಯಾರಿಗಿ ಹೇಳಿದರೋ.”

ಭೂತಗನ್ನಡಿಯನ್ನು ನಾನು ಅವನಿಗೆ ಕೊಟ್ಟೆ. ಅವನು ಅದನ್ನು ಒರೆಸಿ ಜೇಬಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಹೋದ. ಮತ್ತೆ ಅವನನ್ನು ನಾವು ನೋಡಲಿಲ್ಲ.

ಅವ್ವ ಹುಳ ಆರಿಸುವ ಕೆಲಸ ಬಿಟ್ಟಳು. ಕೊಳ್ಳುವವರೂ ಇರಲಿಲ್ಲ. ರಸ್ತೆಗೆ ಕಲ್ಲು ಒಡೆಯಲು ಹೋದಳು. ಹೊಸ ಸರ್ಕಾರ ಕನ್ನಡ ಸಾಲೆ ತೆಗೆದಾಗ ನನ್ನನ್ನು ಸೇರಿಸಿದಳು. ಎಲ್ಲರಿಗಿಂತ ದೊಡ್ಡವಳಾಗಿ ಹಿಂದಿನ ಸಾಲಿನಲ್ಲಿ ಕೂತು ಕಲಿತೆ. ಆಮೇಲೆ ನರ್ಸಿನ ತರಬೇತಿಗೆ ಹೋದೆ. ಗಾಯ ತೊಳೆಯುವ ಕೆಲಸಕ್ಕೆ ನಾನು ಹಿಂಜರಿಯುವುದಿಲ್ಲ ಎಂದು ದೊಡ್ಡ ಸಿಸ್ಟರು ಮೆಚ್ಚಿಕೊಳ್ಳುತ್ತಿದ್ದರು. ಆ ಬಯಲಿನಲ್ಲಿ ಪ್ಲಾಟು ಬಿದ್ದು, ಮನೆ ಎದ್ದು, ಆ ಜಾಗ ಯಾವ ಮನೆಯ ಕೆಳಗೆ ಹೋಯಿತೆಂದು ಈಗ ನಾನೂ ಹೇಳಲಾರೆ.

ಕಮಲಾಪುರದ ಕಡೆಯವರು ದವಾಖಾನೆಗೆ ಬಂದಾಗ ಮಾಮನ ಸುದ್ದಿ ಹೇಳುತ್ತಿದ್ದರು. ಮತ್ತೆ ಮದುವೆಯಾಗಲಿಲ್ಲ. ಕಾಲು ಗಟ್ಟಿಯಾಗಿಯೇ ಇತ್ತು, ಹೊಲದ ಕೂಲಿಗೆ ಹೋಗುತ್ತಿದ್ದ. ಊರಿನಲ್ಲಿ ಯಾರ ಜೊತೆಯೂ ಹೆಚ್ಚು ಬೆರೆಯುತ್ತಿರಲಿಲ್ಲ. ನಾನು ನಲವತ್ತು ದಾಟಿದ ಮೇಲೆ, ಅವನು ಹಾಸಿಗೆ ಹಿಡಿದಿದ್ದಾನೆ, ನೋಡಿಕೊಳ್ಳುವವರಿಲ್ಲ ಎಂದು ಹೇಳಿ ಕಳಿಸಿದರು. ಅವ್ವನಿಗೆ ಹೇಳಿದೆ. ಅವಳು ಜೋಳ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಹೊರಡುವಾಗ ಮಾತ್ರ ಒಂದು ಬುತ್ತಿ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು. ಇದು ಯಾರಿಗೆಂದು ನಾನು ಕೇಳಲಿಲ್ಲ.

ಮಾಮ ಗೋಡೆಗೆ ಮುಖ ಮಾಡಿ ಮಲಗಿದ್ದ. ಮೈ ಒರೆಸಿದೆ, ಬಟ್ಟೆ ಬದಲಿಸಿದೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿದೆ. ನಾಲ್ಕು ತುತ್ತು ತಿಂದ ಮೇಲೆ ಅವನು ನನ್ನ ಕೈ ಹಿಡಿದ.

“ಅವತ್ತ ನಿನಗ ಕೇಳಬಾರದಿತ್ತು ನಾ,” ಎಂದ. “ಕಣಿಕಿ ಹೇರಕೊಂಡು ಬಾ ಅಂದಾಗೇ ನನಗ ತಿಳದಿತ್ತು.” “ಅಕ್ಕಗ ಕೇಳಿದ್ರ ಆಕಿ ಹೇಳತಿದ್ದಿಲ್ಲ. ನೀ ಹೇಳತಿ ಅಂತ ಗೊತ್ತಿತ್ತು. ಅದಕ್ಕೇ ಆಕಿ ನೀರಿಗಿ ಹೋಗೋ ತನಕ ಗಿಡದ ಮರಿಗಿ ನಿಂತಿದ್ದೆ.”

ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ನನ್ನ ಬಾಯಿಯ ತಪ್ಪು ಎಂದು ಹೊತ್ತು ತಿರುಗಿದ್ದೆ. ಇದನ್ನು ಕೇಳಿದ ಮೇಲೆ ಹಗುರಾಗುತ್ತದೆ ಎಂದು ಯಾರಾದರೂ ತಿಳಿಯಬಹುದು. ಹಗುರಾಗಲಿಲ್ಲ. ಹನ್ನೊಂದು ವರ್ಷದ ಹುಡುಗಿ ಮತ್ತೆ ಅಲ್ಲಿ ಗಡಿಗೆ ಹಿಡಿದು ನಿಂತಿದ್ದಳು. ಈ ಸಲ ಗಿಡದ ಮರೆಯಿಂದ ಮಾಮ ಅವಳನ್ನು ನೋಡುತ್ತಿದ್ದ, ಅಷ್ಟೆ.

“ಉಣ್ಣು ಮಾಮಾ,” ಎಂದೆ. ಉಳಿದ ರೊಟ್ಟಿಯನ್ನು ಅವನು ತಿಂದ. ಅವನ ಕಾಲಿನ ಹಳೆಯ ಗಾಯದ ಕಲೆ ಒಣಗಿ ಬಿರಿದಿತ್ತು. ಅದಕ್ಕೆ ಎಣ್ಣೆ ಹಚ್ಚಿ, ಪಕ್ಕದ ಮನೆಯವರಿಗೆ ಔಷಧಿ ಹೇಗೆ ಕೊಡಬೇಕೆಂದು ಹೇಳಿ, ಮಧ್ಯಾಹ್ನದ ಬಸ್ಸು ಹಿಡಿದೆ. ಎಂಟು ದಿನದಲ್ಲಿ ಅವನು ತೀರಿಕೊಂಡ.

ಬಸ್ಸಿಳಿದು ಆ ಸಂಜೆ ನಾನು ಮನೆ ಮುಟ್ಟಿದಾಗ ಅವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಕೈಯಿಂದ ಖಾಲಿ ಬುತ್ತಿ ತೆಗೆದುಕೊಂಡು ಬಿಚ್ಚಿ ನೋಡಿದಳು.

“ಉಂಡನೇನು?” ಎಂದಳು.

“ಉಂಡ,” ಎಂದೆ. ಅವಳು ಬುತ್ತಿಯ ಬಟ್ಟೆ ಜಾಡಿಸಿ ಒಳಗೆ ಹೋದಳು.